ಎಲೆ ಅಡಿಕೆ ಹಾಕಿಕೊಂಡ ಕ್ಲೇಮು

ಬಾಯಿ ಮುಚ್ಚಿಕೊಂಡಿರುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಕೊಡುತ್ತಾರೆ. ಶಿಗ್ಗಾವಿಯ ಒಂದು ವಿಮಾ ಕಚೇರಿಯಲ್ಲಿ ನಾನು ಕ್ಲೇಮು ನೋಡುವ ಅಧಿಕಾರಿ. ಜನ ನಮ್ಮಲ್ಲಿ ವಿಮೆ ಮಾಡಿಸಿದಂತೆ ನಾವೂ ನಮಗಿಂತ ದೊಡ್ಡ ಕಂಪನಿಯಲ್ಲಿ ವಿಮೆ ಮಾಡಿಸುತ್ತೇವೆ; ಅದಕ್ಕೆ ಮರುವಿಮೆ ಎನ್ನುತ್ತಾರೆ. ನಷ್ಟದ ದೊಡ್ಡ ಪಾಲು ಹೊರುವವರು ಅವರೇ ಆದ್ದರಿಂದ ಕರಾರಿನಲ್ಲಿ ಒಂದು ಷರತ್ತು ಇರುತ್ತದೆ. ಅವರ ಒಪ್ಪಿಗೆಯಿಲ್ಲದೆ ನಾವು ಯಾವ ಕ್ಲೇಮಿನ ಹೊಣೆಯನ್ನೂ ಮಾತಿನಿಂದಾಗಲಿ, ಬರಹದಿಂದಾಗಲಿ, ನಡತೆಯಿಂದಾಗಲಿ ಒಪ್ಪಕೂಡದು. ಒಪ್ಪಿದರೆ ಅವರು ಕೈತೊಳೆದುಕೊಳ್ಳುತ್ತಾರೆ. ಈ 'ನಡತೆ' ಎಂಬುದರ ಮೇಲೆ ನಾನು ಕಚೇರಿಯ ಕಿರಿಯರಿಗೆ ಗಂಟೆಗಟ್ಟಲೆ ಉಪನ್ಯಾಸ ಕೊಟ್ಟವನು. ಕ್ಲೇಮಿನ ಜಾಗದಲ್ಲಿ ತಲೆ ಸಹ ಆಡಿಸಬೇಡಿ ಎಂದು ಹೇಳಿಕೊಟ್ಟಿದ್ದೆ. ಊಟವಾದ ಮೇಲೆ ಹೇಗಿರಬೇಕೆಂಬುದು ಮಾತ್ರ ನನಗೂ ಹೊಳೆದಿರಲಿಲ್ಲ.

ಹಿರೇಕೆರೂರಿನಲ್ಲಿ ಗಿರಿಜಕ್ಕ ಎಂಬವರ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದು ಹತ್ತಿಯ ಶೆಡ್ಡು ಸುಟ್ಟಿತ್ತು. ನೋಡಲು ಹೋದೆ. ಉಣ್ಣಿಸದೆ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ನಾನು ಎಷ್ಟು ಉಂಡೆ ಎಂಬುದನ್ನು ವರದಿಯಲ್ಲಿ ಬರೆಯಲಿಲ್ಲ. ಪಡಸಾಲೆಯಲ್ಲಿ ಓಣಿಯ ನಾಲ್ಕು ಹಿರಿಯರು ಬಂದು ಕುಳಿತಿದ್ದರು. ಗಿರಿಜಕ್ಕ ಎಲೆ ಅಡಿಕೆಯ ತಟ್ಟೆ ಮುಂದಿಟ್ಟರು.

"ಏನರ ಒಂದ ಮಾತ ಹೇಳ್ರಿ ಸಾಹೇಬ್ರ."

"ನಾ ಏನೂ ಹೇಳಾಂಗಿಲ್ರಿ ಅಕ್ಕಾರ. ಮ್ಯಾಲಿನವರನ್ನ ಕೇಳಬೇಕ್ರಿ."

"ಹೇಳಬ್ಯಾಡ್ರಿ, ಬಿಡ್ರಿ. ಎಲಿ ಹಾಕ್ಕೋರಿ."

ಬಾಯಿ ಬಿಡದೆ ಗೆದ್ದೆನೆಂಬ ಹೆಮ್ಮೆಯಿಂದ ಹಾಕಿಕೊಂಡೆ. ನಮ್ಮ ಕಡೆ ಹೆಣ್ಣು-ಗಂಡಿನ ಮಾತಾಗಲಿ, ಹೊಲದ ಮಾತಾಗಲಿ, ಹಿರಿಯರೆದುರು ಎಲೆ ಹಾಕಿಕೊಂಡರೆ ಒಪ್ಪಿದಂತೆ. ಸವಣೂರಿನಲ್ಲಿ ಹುಟ್ಟಿ, ಬಾಯಿ ಕೆಂಪು ಮಾಡಿಕೊಂಡೇ ಬೆಳೆದ ನನಗೆ ಇದು ನೆನಪಾಗಲಿಲ್ಲ.

ಮರುದಿನ ಗಿರಿಜಕ್ಕ ಫೋನ್ ಮಾಡಿ, ಸುಟ್ಟ ಶೆಡ್ಡಿನ ಗೋಡೆ ಕೆಡವಿ ಹೊಸದು ಕಟ್ಟಲು ಗವಂಡಿಯನ್ನು ಕರೆಸಿದ್ದೇನೆ ಎಂದರು. ಮರುವಿಮೆಯವರು ನೋಡುವ ಮೊದಲೇ ಗೋಡೆ ಹೋದರೆ, ಅದರ ಮೇಲೆ ನಾನು ಎಲೆ ಹಾಕಿಕೊಂಡದ್ದು ಗೊತ್ತಾದರೆ, ಕ್ಲೇಮೂ ಇಲ್ಲ, ಮಿಲ್ಲೂ ಇಲ್ಲ.

"ಇನ್ನೂ ಒಪ್ಪಿಗಿ ಬಂದಿಲ್ರಿ ಅಕ್ಕಾರ, ಸ್ವಲ್ಪ ತಡೀರಿ," ಎಂದು ಗೋಗರೆದೆ.

"ನುಂಗಿದ ಎಲಿ ವಾಪಸ್ ಬರತೈತೇನ್ರಿ?" ಎಂದರು. ನಾಲ್ಕು ದಿನ ತಡೆಯಲು ಮಾತ್ರ ಒಪ್ಪಿದರು.

ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ಶಾಂತಾ, "ಒಂದ ಸೀರಿ ಕೇಳಿದ್ರ ಆರ್ ತಿಂಗಳ ಬಾಯಿ ಬಿಡೂದಿಲ್ಲ ನೀವು. ಅಲ್ಲಿ ಹೋಗಿ ಎಲಿ ಅಗದ ಬಂದ್ರೇನು?" ಎಂದಳು. ಆ ಮಾತಿನಲ್ಲಿ ಸಹಾನುಭೂತಿ ಹುಡುಕಿದೆ, ಸಿಗಲಿಲ್ಲ. ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುವುದು ಮೇಲೆಂದು, ಎಲೆ ಅಡಿಕೆ ಕೇವಲ ಜೀರ್ಣಕ್ಕೆ ಎಂದು ನಾಲ್ಕು ಪುಟದ ವಿವರಣೆ ಬರೆದು ಮರುವಿಮೆಯವರಿಗೆ ಕಳಿಸಿದೆ.

ಮೂರನೆಯ ದಿನ ಅವರ ಅಧಿಕಾರಿ ಮಾಲತಿ ಮೇಡಂ ಬಂದರು. ನನ್ನ ದುರದೃಷ್ಟಕ್ಕೆ ಧಾರವಾಡದವರು.

"ಷರತ್ತಿನ್ಯಾಗ ನಡತಿ ಅಂತ ಅದ. ಹಿರೇಕೆರೂರಾಗ ಎಲಿ ಹಾಕ್ಕೊಳ್ಳೋದು ನಡತಿ ಅಲ್ಲಂದ್ರ ಮತ್ತೇನ್ರಿ?"

ನಾನು ಜೀರ್ಣಶಕ್ತಿಯ ಬಗ್ಗೆ ಮಾತಾಡಿದೆ. ಅವರು ಶೆಡ್ಡು ನೋಡಿದರು, ಗಿರಿಜಕ್ಕನ ಮನೆಯಲ್ಲಿ ಉಂಡರು. ಮತ್ತೆ ಅದೇ ಹಿರಿಯರು, ಅದೇ ತಟ್ಟೆ. ಮೇಡಂ ಎರಡೂ ಕೈಯಿಂದ ಎಲೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ನನ್ನ ಮ್ಯಾಲೂ ಹಿರ್ಯಾರ ಇದ್ದಾರ್ರಿ ಅಕ್ಕಾರ. ಅವರನ್ನ ಕೇಳಿ ಹಾಕ್ಕೋತೀನಿ."

ಗಿರಿಜಕ್ಕ ತಲೆಯಾಡಿಸಿ, "ಹಂಗಾದ್ರ ಬರೋಬ್ಬರಿ. ಅಲ್ಲೀತನಕಾ ಗವಂಡಿ ಬ್ಯಾಡ," ಎಂದರು. ನನ್ನ ಅಷ್ಟೂ ವರ್ಷಗಳ ಪಾಂಡಿತ್ಯಕ್ಕೆ ಒಂದು ಕಾಗದದ ತುಂಡು ಹೊಳೆದಿರಲಿಲ್ಲ.

ಒಪ್ಪಿಗೆ ಬಂತು. ಗಿರಿಜಕ್ಕನ ಶೆಡ್ಡು ಎದ್ದು ನಿಂತಿತು, ನಿಜವಾಗಿಯೂ ಖುಷಿಯಾಯಿತು. ಒಪ್ಪಿಗೆಯ ಪತ್ರದ ಕೊನೆಗೆ ಷರತ್ತಿನ ಅರ್ಥವಿವರಣೆಯೂ ಇತ್ತು: "ಸದರಿ ಅಧಿಕಾರಿಯ ನಡತೆಯಲ್ಲಿ ಹೊಣೆಯ ಒಪ್ಪಿಗೆ ಕಂಡುಬಂದಿಲ್ಲ. ಊಟದ ಮೇಲಿನ ಆಸೆ ಮಾತ್ರ ಕಂಡುಬಂದಿದೆ." ಇದನ್ನು ಮುಂದಿನ ತರಬೇತಿಗಳಲ್ಲಿ ಉದಾಹರಣೆಯಾಗಿ ಓದಿಹೇಳಬೇಕೆಂದು ನಮ್ಮ ಮೇಲಿನವರ ಆಜ್ಞೆಯಾಗಿದೆ. ತರಬೇತಿ ಕೊಡುವವನು ನಾನೇ. ಎರಡು ಗಂಟೆಯ ನನ್ನ ಉಪನ್ಯಾಸದಲ್ಲಿ ಕಿರಿಯರು ಬರೆದುಕೊಳ್ಳುವುದು ಅದೊಂದೇ ಸಾಲನ್ನು.