ಕಡಲಗಳ್ಳರ ಸುಗ್ಗಿ

ಅರಬ್ಬಿ ಸಮುದ್ರದ ಕಡಲಗಳ್ಳರ ವಿಷಯದಲ್ಲಿ ನಮ್ಮ ಕಾಕಾನನ್ನು ಮೀರಿಸುವ ಪಂಡಿತ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಅವನ ಪಾಂಡಿತ್ಯದಲ್ಲಿ ಇದ್ದದ್ದು ಒಂದೇ ಒಂದು ಸಣ್ಣ ಕೊರತೆ. ಅವನು ಸಮುದ್ರ ನೋಡಿರಲಿಲ್ಲ!

ಚಚಡಿಯಲ್ಲಿ ಹುಟ್ಟಿ, ಕರಿಮಣ್ಣಿನ ಎರಿಹೊಲದಲ್ಲಿ ಜೋಳ-ಕಡಲೆ ಬೆಳೆದು, ಮಲಪ್ರಭೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಬಂದರೆ ಅಂಜುವ ಮನುಷ್ಯನಿಗೆ ಈ ಹುಚ್ಚು ಎಲ್ಲಿ ಹತ್ತಿತು ಅಂತೀರಾ? ಯರಗಟ್ಟಿಯ ಚಹಾದಂಗಡಿಯಲ್ಲಿ. ಕರಾವಳಿಗೆ ಕಾಳುಕಡಿ ಒಯ್ದು, ಬರುವಾಗ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಬರುವ ಲಾರಿಯವರು ಅಲ್ಲಿ ನಿಲ್ಲುತ್ತಾರೆ. ಕಾಕಾ ಅವರಿಗೆ ಚಹಾ ಕುಡಿಸಿ ಸಮುದ್ರದ ಸುದ್ದಿ ಕೇಳುತ್ತಾನೆ. ಅವರು ಚಮಚದಷ್ಟು ಹೇಳಿದ್ದು ಚಚಡಿ ಮುಟ್ಟುವಷ್ಟರಲ್ಲಿ ಕೊಡದಷ್ಟಾಗಿರುತ್ತದೆ.

ಸಂಜೆ ಕಟ್ಟೆಯ ಮೇಲೆ ಕುಳಿತು, ಅರ್ಧ ಕಣ್ಣು ಮುಚ್ಚಿ ಶುರು ಮಾಡುತ್ತಾನೆ. ಕಾರವಾರದ ಆಚೆ ನಡುಗಡ್ಡೆಗಳ ಬೆನ್ನಿಗೆ ಕರಿ ಹಾಯಿಯ ದೋಣಿಗಳು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದವಂತೆ. ಮೆಣಸು ತುಂಬಿದ ಹಡಗು ಬಂತೆಂದರೆ ಅದರ ಘಾಟು ಮೊದಲು ಬರುತ್ತಿತ್ತಂತೆ. ಆಗ ಯಾವನಾದರೂ ಒಬ್ಬ ಕಳ್ಳ ಸೀನಿದರೆ ಎಲ್ಲರ ಗುಟ್ಟೂ ರಟ್ಟು! ಅದಕ್ಕೇ ಸೀನು ತಡೆಯಲಾರದವನನ್ನು ಆ ಉದ್ಯೋಗಕ್ಕೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲವಂತೆ. ಇದು ಇತಿಹಾಸವೋ, ಕಾಕಾನ ಸ್ವಂತ ಬೆಳೆಯೋ, ಕೇಳುವವರು ಯಾರು? ಕೇಳುತ್ತ ಕೇಳುತ್ತ ಎದುರಿನ ಜೋಳದ ಹೊಲ ಮೆಲ್ಲಗೆ ತೂಗಾಡತೊಡಗುತ್ತಿತ್ತು. ದೂರದ ಬಣವೆಗಳು ಲಂಗರು ಎತ್ತಿ ಹೊರಡುತ್ತಿದ್ದವು. ನಾವೂ ಅವುಗಳ ಹಿಂದೆ ಒಂದಿಷ್ಟು ದೂರ ಹೋಗಿ ಬರುತ್ತಿದ್ದೆವು.

ಈ ಕತೆಗಳನ್ನು ಮೊದಲಿನಿಂದ ಕೇಳುತ್ತ ಬಂದವಳು ಕಾಕು, ಅಂದರೆ ಅವನ ಹೆಂಡತಿ. ಅವಳ ಅಪ್ಪ ಬೈಲಹೊಂಗಲದವರಾದರೂ ನೌಕರಿ ಕಾರವಾರದಲ್ಲಿತ್ತು. ಹೀಗಾಗಿ ಕಾಕು ಬೆಳೆದದ್ದು ತೆರೆಗಳ ಸಪ್ಪಳದಲ್ಲಿ. ಮದುವೆಯಾಗಿ ಚಚಡಿಗೆ ಬಂದಳು, ಅಪ್ಪ ನೌಕರಿ ಮುಗಿಸಿ ಬೈಲಹೊಂಗಲಕ್ಕೆ ಮರಳಿದರು, ಸಮುದ್ರದ ಕಡೆ ಹೋಗಲು ನೆಪವೇ ಉಳಿಯಲಿಲ್ಲ. ಒಮ್ಮೆ ಹೋಗಿ ನೋಡಿ ಬರಬೇಕು ಎಂಬುದೊಂದೇ ಅವಳ ಆಸೆ. ಕಾಕಾ ಒಲ್ಲೆ ಅನ್ನುವವನೇ ಅಲ್ಲ. ಆದರೆ ಮಳೆಗಾಲದಲ್ಲಿ ಸಮುದ್ರಕ್ಕೆ ಸಿಟ್ಟು ಬಂದಿರುತ್ತದೆ. ಮಳೆ ನಿಂತರೆ ಹಡಗುಗಳು ಹೊರಡುವ ಹೊತ್ತು, ಅಂದರೆ ಕಡಲಗಳ್ಳರ ಸುಗ್ಗಿ. ಬೇಸಿಗೆಯಲ್ಲಿ ಹೋಗೋಣವೆಂದರೆ ಕಳ್ಳರೆಲ್ಲ ದೋಣಿಗೆ ಎಣ್ಣೆ ಬಳಿಯಲು ದಂಡೆಗೇ ಬಂದಿರುತ್ತಾರೆ!

"ಆ ಕಳ್ಳರು ಸತ್ತು, ಅವರ ಮರಿಮಕ್ಕಳೂ ಮಣ್ಣಾಗ್ಯಾರ," ಅನ್ನುತ್ತಿದ್ದಳು ಕಾಕು.

"ಹಂಗಂತ ಸುದ್ದಿ ಹಬ್ಬಿಸ್ಯಾರ. ಅದ ಅವರ ಯುಕ್ತಿ," ಅನ್ನುತ್ತಿದ್ದ ಕಾಕಾ.

ಸಮಾಧಾನಕ್ಕೆಂದು ಒಮ್ಮೆ ಅವಳನ್ನು ತೊರಗಲ್ಲಿನ ಕೋಟೆಗೆ ಕರೆದೊಯ್ದು, ಇದೂ ಕಡಲಕೋಟೆಯೇ, ಸಮುದ್ರ ಸ್ವಲ್ಪ ಆಚೆ ಸರಿದಿದೆ ಅಷ್ಟೇ ಎಂದ. ಇನ್ನೊಮ್ಮೆ ಸವದತ್ತಿಯ ಹತ್ತಿರ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ನಿಲ್ಲಿಸಿ, ಇದಕ್ಕೂ ಸಮುದ್ರಕ್ಕೂ ಏನು ಫರಕು, ಉಪ್ಪೊಂದು ಕಡಿಮೆ ಎಂದ. ಕಾಕು ಬುತ್ತಿಗಂಟು ಬಿಚ್ಚಿ ಉಪ್ಪಿನ ಪೊಟ್ಟಣ ತೆಗೆದು ಅವನ ಕೈಗಿಟ್ಟಳು. "ಹಾಕ್ರಿ," ಎಂದಳು.

ಈ ವಿದ್ಯೆಯ ರುಚಿ ನಾನೂ ಕಂಡಿದ್ದೇನೆ. ಚಿಕ್ಕಂದಿನಲ್ಲಿ ಒಮ್ಮೆ ಕಾಕುವಿನ ಸರದ ಬಂಗಾರದ ಗುಂಡೊಂದು ಕಳೆಯಿತು. ಕಾಕಾನ ಸಂಶಯ ನೇರವಾಗಿ ನನ್ನ ಹೊಟ್ಟೆಯ ಮೇಲೆ ಬಿತ್ತು. ಹಡಗಿನ ವ್ಯಾಪಾರಿಗಳು ಮುತ್ತು ನುಂಗಿಬಿಟ್ಟರೆ ಕಡಲಗಳ್ಳರು ಹುಣಸೆಹಣ್ಣು ಕಿವುಚಿದ ಉಪ್ಪುನೀರು ಕುಡಿಸಿ ಕಕ್ಕಿಸುತ್ತಿದ್ದರಂತೆ. ನನಗೂ ತಂಬಿಗೆ ತುಂಬ ಕುಡಿಸಿದ. ಬೆಳಗಿನ ರೊಟ್ಟಿ ಬಂತು, ಶೇಂಗಾ ಚಟ್ನಿ ಬಂತು, ಗುಂಡು ಬರಲಿಲ್ಲ. ಅದು ಸಂಜೆ ಕಾಕಾನ ಅಂಗಿಯ ಕಿಸೆಯಲ್ಲೇ ಸಿಕ್ಕಿತು. ಸರಿಮಾಡಿಸಲು ಅಕ್ಕಸಾಲಿ ಪತ್ತಾರನಿಗೆ ಕೊಟ್ಟು ಬರಲೆಂದು ತಾನೇ ಇಟ್ಟುಕೊಂಡು ಮರೆತಿದ್ದ. ಕಾಕು ತಂಬಿಗೆಯಲ್ಲಿ ಉಳಿದದ್ದನ್ನು ತಂದು ಅವನ ಮುಂದೆ ಇಟ್ಟು, "ಕಳ್ಳ ಸಿಕ್ಕಾನಲ್ಲ, ಕುಡೀರಿ," ಎಂದಳು.

ಆದರೆ ಕಾಕಾ ನಿಜವಾಗಿ ಸಿಕ್ಕಿಬಿದ್ದದ್ದು ಒಂದು ಅಕ್ಷರದ ದೆಸೆಯಿಂದ. ನಮ್ಮ ಕಡೆ ಮಾತಿನಲ್ಲಿ ಕಡಲು ಅನ್ನುವವರಿಲ್ಲ, ಸಮುದ್ರ ಅನ್ನುತ್ತಾರೆ. ಕಡಲಿ ಎಂದರೆ ಹೊಲದಲ್ಲಿ ಬೆಳೆಯುವ ಕಡಲೆ. ಒಂದು ಚಳಿಗಾಲ ಯರಗಟ್ಟಿಯ ಚಹಾದಂಗಡಿಯಲ್ಲಿ ಕಾಕಾ ತನ್ಮಯನಾಗಿ, ಕಡಲಗಳ್ಳರು ಮುಂಜಾನೆಯ ಮಂಜಿನಲ್ಲಿ ಸಪ್ಪಳವಿಲ್ಲದೆ ಬರುತ್ತಾರೆ, ಬಂದರೆ ಏನೂ ಉಳಿಸುವುದಿಲ್ಲ ಎಂದು ಹೇಳುತ್ತಿದ್ದ. ಆಗಷ್ಟೇ ಒಳಗೆ ಬಂದ ನಮ್ಮ ಪಕ್ಕದ ಹೊಲದವನ ಕಿವಿಗೆ ಬಿದ್ದದ್ದು ಕಡಲಿಗಳ್ಳರು! ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನ ನಸುಕಿನಲ್ಲಿ ನಾಲ್ಕಾರು ಜನ ಬಡಿಗೆ ಹಿಡಿದು ಕಡಲೆಹೊಲ ಕಾಯುತ್ತ ನಿಂತರು. ಮಂಜಿನೊಳಗೆ ಬೆಳ್ಳಗೆ ಏನೋ ಮಿಸುಕಾಡಿತು. ಸುತ್ತುವರಿದು ಹಿಡಿದರೆ, ಕಾಕಾ! ಕೈಯಲ್ಲಿ ತೊಯ್ದು ತೊಪ್ಪೆಯಾದ ಧೋತರ.

"ನಾ ಕಡಲಿ ಮುಟ್ಟಿಲ್ಲೊ ತಮ್ಮಾ," ಅಂದ ಕಾಕಾ. "ಅದರ ಮ್ಯಾಲಿನ ನೀರಷ್ಟ ತಗೊಂಡೇನಿ."

ಕಡಲೆ ಗಿಡದ ಮೇಲೆ ಬಿದ್ದ ಇಬ್ಬನಿ ಹುಳಿಹುಳಿ, ಉಪ್ಪುಪ್ಪು. ಗಿಡದ ಮೇಲೆ ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ ಇಟ್ಟುಕೊಂಡರೆ ಹೊಟ್ಟೆನೋವಿಗೆ ಮದ್ದು. ಕಾಕಾನ ಹೊಲದ ಕಡಲೆ ಆಗಲೇ ಕಿತ್ತಾಗಿತ್ತು, ಅದಕ್ಕೇ ಪಕ್ಕದ ಹೊಲಕ್ಕೆ ಬಂದಿದ್ದ.

"ಹೊಟ್ಟಿ ನೋವೇನ್ರಿ?" ಎಂದ ಹೊಲದವನು.

"ನನಗಲ್ಲ. ಅಕಿ ಅದರಾಗ ಬೆರಳ ಅದ್ದಿ ತುಟಿಗೆ ಹಚ್ಚಕೋತಾಳ. ಕಾರವಾರದ ಗಾಳಿ ಹಿಂಗ ಇತ್ತು ಅಂತಾಳ."

ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಹೊಲದವನು, ಆ ಕಡೆಯ ಸಾಲಿನಲ್ಲಿ ಇನ್ನೂ ಜಾಸ್ತಿ ಬಿದ್ದಿದೆ, ಅಲ್ಲೂ ಹಾಸಿರಿ ಎಂದನಂತೆ.

ಇಷ್ಟೆಲ್ಲ ಮಾಡುವವನು ಕಾರವಾರಕ್ಕೆ ಮಾತ್ರ ಯಾಕೆ ಹೋಗಲೊಲ್ಲ? ನಮಗಾರಿಗೂ ತಿಳಿಯುತ್ತಿರಲಿಲ್ಲ. ಈ ವರ್ಷ ಕಾಕುವಿನ ಮೊಣಕಾಲು ಕೈಕೊಡತೊಡಗಿತು. ನಾನು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದೆ. ಅವಳು ಯಾರನ್ನೂ ಕೇಳದೆ ಹತ್ತಿ ಕುಳಿತಳು.

"ಕಾಲು ನಡಿಯೂದ್ರಾಗ ನೋಡಿ ಬರತೇನಿ. ನೀವು ಒಲ್ಲಂದ್ರ ಬಿಡ್ರಿ, ಕಳ್ಳರಿಗೆ ನಾ ಒಬ್ಬಾಕಿನ ಸಿಗತೇನಿ."

ಕಾಕಾ ಮೈಮೇಲಿದ್ದ ಬಟ್ಟೆಯಲ್ಲೇ ಓಡಿಬಂದು ಹತ್ತಿದ. ಘಟ್ಟ ಇಳಿದು ಮುಗಿಯುವ ತನಕ ಒಂದು ಮಾತಿಲ್ಲ, ಒಬ್ಬ ಕಳ್ಳನಿಲ್ಲ.

ಕಾರವಾರದಲ್ಲಿ ಬಿಸಿಲು ಇಳಿಯುತ್ತಿತ್ತು. ನೀರು ಯಾವುದು, ಆಕಾಶ ಯಾವುದು ಎಂದು ಹೇಳಲಾಗದ ಹೊತ್ತು. ನಡುಗಡ್ಡೆಗಳು ಯಾರದೋ ನಿದ್ದೆಯಲ್ಲಿ ಕಂಡಂತೆ ತೇಲುತ್ತಿದ್ದವು. ಕಾಕು ಚಪ್ಪಲಿ ಕಳಚಿಟ್ಟು, ಕುಂಟುತ್ತ ನೀರಿಗೆ ನಡೆದಳು. ಮೊದಲ ತೆರೆ ಕಾಲಿಗೆ ತಾಗಿದ್ದೇ ಕುಂಟು ಮರೆತವಳಂತೆ ಇನ್ನೂ ಮುಂದೆ ಹೋದಳು. ಕಾಕಾ ಆ ಚಪ್ಪಲಿಗಳನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

"ಕಾಕಾ, ಅಲ್ಲಿ ನೋಡು, ನಿನ್ನ ಕಳ್ಳರ ನಡುಗಡ್ಡಿ," ಎಂದೆ.

ಅವನು ಆ ಕಡೆ ನೋಡಲೇ ಇಲ್ಲ.

"ಲಗ್ನ ಆದ ಹೊಸದಾಗಿ ಒಂದಿನಾ ಅಂದಿದ್ಳು," ಎಂದ. "ಸಮುದ್ರ ಮತ್ತೊಮ್ಮಿ ಕಣ್ಣಿಗೆ ಬಿದ್ರ ನಾ ನಿಮ್ಮೂರಿಗೆ ಹೊಳ್ಳಿ ಬರಾಂಗಿಲ್ಲ ನೋಡ್ರಿ, ಅಂತ. ಚ್ಯಾಷ್ಟಿಗೆ ಅಂದಿರಬೇಕು. ನಾ ಖರೇ ತಿಳಕೊಂಡೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಬ್ಬರೂ ಅವಳ ಬೆನ್ನನ್ನೇ ನೋಡುತ್ತ ನಿಂತೆವು. ಬಹಳ ಹೊತ್ತಿನ ಮೇಲೆ ಅವಳು ತಿರುಗಿದಳು. ಸೀರೆಯ ಅಂಚು ಹಿಂಡಿಕೊಳ್ಳುತ್ತ, ಮರಳಲ್ಲಿ ಒಂದೊಂದೇ ಹೆಜ್ಜೆ ಎತ್ತಿಡುತ್ತ ಬಂದು ಅವನೆದುರು ನಿಂತಳು.

"ನೀವು ಹೇಳತಿದ್ದ ಸಮುದ್ರ ಇದಕ್ಕಿಂತ ದೊಡ್ಡದಿತ್ತು ಬಿಡ್ರಿ," ಎಂದಳು. "ನಡೀರಿ, ಮನಿಗೆ ಹೋಗೂಣು."

ಕಾಕಾ ಬಗ್ಗಿ ಚಪ್ಪಲಿಗಳನ್ನು ಅವಳ ಕಾಲ ಬಳಿ ಇಟ್ಟ. ಹಾಕಿಕೊಳ್ಳಲು ಅವಳು ಅವನ ಹೆಗಲ ಮೇಲೆ ಕೈ ಊರಿದಳು. ಎರಡೂ ಹಾಕಿಕೊಂಡಾದ ಮೇಲೂ ಆ ಕೈ ಅಲ್ಲೇ ಇತ್ತು.