ನನ್ನ ಹೆಬ್ಬೆಟ್ಟೂ ಅತ್ತೆಯ ಸೊಪ್ಪೂ

ದೊಡ್ಡ ಗಾಯವಾದರೆ ಒಬ್ಬ ಡಾಕ್ಟರು ಸಾಕು. ಸಣ್ಣ ಗಾಯವಾದರೆ ಮನೆಮಂದಿಯೆಲ್ಲ ಡಾಕ್ಟರಾಗುತ್ತಾರೆ. ಹಬ್ಬಕ್ಕೆಂದು ಕ್ಯಾಸಂಬಳ್ಳಿಯಿಂದ ಬಂದಿದ್ದ ನನ್ನ ಅತ್ತೆ ಹಬ್ಬ ಮುಗಿದರೂ ಹೊರಡುವ ಮಾತೆತ್ತಿರಲಿಲ್ಲ. ಟೀವಿ ರಿಮೋಟು ಅವರ ಸೊಂಟದಲ್ಲೇ ಇರುತ್ತಿತ್ತು. ಅವರು ಯಾವಾಗ ಬಸ್ಸು ಹತ್ತುತ್ತಾರೋ ಎಂದು ಯೋಚಿಸುತ್ತ, ಮೇಲ್ನೋಟಕ್ಕೆ ಮಾತ್ರ ಒಳ್ಳೆಯ ಅಳಿಯನಂತೆ ಈಳಿಗೆಮಣೆಯ ಮುಂದೆ ಕುಳಿತವನು ಸೋರೆಕಾಯಿಯ ಜೊತೆ ಬಲಗೈ ಹೆಬ್ಬೆಟ್ಟನ್ನೂ ಹೆಚ್ಚಿಕೊಂಡೆ.

ರಾಬರ್ಟ್‌ಸನ್‌ಪೇಟೆಗೆ ಹೋಗಿ ಪ್ಲಾಸ್ಟರ್ ತರುತ್ತೇನೆಂದರೆ ಅತ್ತೆ ಬಿಡಲಿಲ್ಲ. "ಅದು ಗಾಯ ಮುಚ್ತದೆ ಅಷ್ಟೇ, ವಾಸಿ ಮಾಡಾಕಿಲ್ಲ. ಇರಿ ಅಳಿಯಂದ್ರೆ, ಗಾಯದ ಸೊಪ್ಪು ಅಚ್ತೀನಿ."

ಆ ಗಿಡ, ಮುಚ್ಚಿದ ಚಿನ್ನದ ಗಣಿಯ ಪಕ್ಕದ ನಮ್ಮ ಕ್ವಾರ್ಟರ್ಸಿನ ಹಿಂದೆಯೇ ರಾಶಿ ಬೆಳೆದಿತ್ತು. ತೋರಿಸಿದೆ. ಅತ್ತೆ ಮುಖ ತಿರುಗಿಸಿದರು. "ಮೈನ್ಸ್ ಮಣ್ಣಿಂದು ಬ್ಯಾಡ. ಇರೋ ಚಿನ್ನಾನೆಲ್ಲ ಕಳ್ಕೊಂಡಿರೋ ಮಣ್ಣು, ಸೊಪ್ಪಿಗೇನ್ ಕೊಟ್ಟೀತು?" ಎಂದವರೇ ಊರಿಂದ ತಗಡಿನ ಡಬ್ಬದಲ್ಲಿ ತಂದಿದ್ದ ಗಿಡವನ್ನು ಹೊರತೆಗೆದರು. "ನಿಮ್ ಕೈ ಎಂಗೆ ಅಂತ ನಂಗೊತ್ತಿಲ್ವಾ!" ಸೊಪ್ಪನ್ನು ಅರಿಶಿನದ ಜೊತೆ ಅಂಗೈಯಲ್ಲಿ ತಿಕ್ಕಿ ಮೆತ್ತಿದರು. ಹೆಬ್ಬೆಟ್ಟು ಹಸಿರು ಒಬ್ಬಟ್ಟಾಯಿತು.

ಮರುದಿನ ಫ್ಯಾಕ್ಟರಿಯ ಹಾಜರಿ ಮಷಿನ್ನು ನನ್ನನ್ನು ಒಪ್ಪಲಿಲ್ಲ. ಟೈಮ್ ಆಫೀಸಿನ ಸೆಲ್ವಂ ಗಾಬರಿಯಾದ. "ಆಬ್ಸೆಂಟ್ ಬೀಳ್ತದೆ ಸಾರ್, ಹೊಸದಾಗಿ ಥಂಬ್ ಕೊಟ್ಟುಬಿಡಿ." ಸೊಪ್ಪಿನ ಸಮೇತ ಒತ್ತಿದೆ. ಮಷಿನ್ನು ಸಂತೋಷದಿಂದ "ಥ್ಯಾಂಕ್ಯೂ" ಎಂದಿತು.

ಗಾಯ ವಾಸಿಯಾಯಿತು. "ಪಾಪ, ಅತ್ತೆಗೆ ಊರಲ್ಲಿ ಬಿಟ್ಟುಬಂದ ಹಸುವಿನ ಚಿಂತೆ ಇರುತ್ತದೆ" ಎಂದು ಹೆಂಡತಿಯ ಹತ್ತಿರ ಕರುಣೆ ತೋರಿಸಿ, ಶುಭ್ರವಾದ ಹೆಬ್ಬೆಟ್ಟಿನೊಂದಿಗೆ ಕೆಲಸಕ್ಕೆ ಹೋದರೆ, ಮಷಿನ್ನಿಗೆ ನಾನು ಯಾರೋ! "ಇನ್ನೊಂದ್ಸಲ ಬದಲಾಯಿಸೋಕೆ ಹೆಡ್ ಆಫೀಸ್ ಪರ್ಮಿಷನ್ ಬೇಕು ಸಾರ್," ಎಂದ ಸೆಲ್ವಂ. "ಅದುವರ್ಗೂ ಆ ಸೊಪ್ಪೇ ಹಚ್ಕೊಂಡು ಬನ್ನಿ." ಕಾಂಪೌಂಡಿನ ಪಕ್ಕದ ಸೊಪ್ಪು ಕಿತ್ತು ಮೆತ್ತಿ ನೋಡಿದೆ. ಮೈನ್ಸ್ ಮಣ್ಣಿನದನ್ನು ಮಷಿನ್ನೂ ಒಪ್ಪಲಿಲ್ಲ.

ಮನೆಗೆ ಓಡಿ ಬಂದರೆ ಅತ್ತೆಯ ಚೀಲ ಬಾಗಿಲಲ್ಲಿತ್ತು, ಚೀಲದಲ್ಲಿ ಡಬ್ಬ. "ವಾಸಿ ಆಯ್ತಲ್ಲ, ಬತ್ತೀನಿ ಅಳಿಯಂದ್ರೆ. ಅಸು ಕರಿಯೋರಿಲ್ಲ." ಗಿಡವನ್ನಾದರೂ ಬಿಟ್ಟುಹೋಗಿ ಎಂದರೆ, "ನನ್ ಕೈ ನೀರಿಲ್ದೆ ಅದು ಬದುಕಾಕಿಲ್ಲ" ಎಂದರು. ಚೀಲ ಕಿತ್ತುಕೊಂಡು, "ಹಸುವನ್ನೂ ಇಲ್ಲಿಗೇ ತರಿಸೋಣ ಅತ್ತೆ!" ಎಂದುಬಿಟ್ಟೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

ಪರ್ಮಿಷನ್ ಇನ್ನೂ ಬಂದಿಲ್ಲ. ಗಾಯವಿಲ್ಲದ ಹೆಬ್ಬೆಟ್ಟಿಗೆ ದಿನಾ ಬೆಳಿಗ್ಗೆ ಅತ್ತೆ ಸೊಪ್ಪು ಮೆತ್ತುತ್ತಾರೆ. ರಿಮೋಟು ಅವರ ಸೊಂಟದಲ್ಲಿದೆ, ಹಸು ನಮ್ಮ ಹಿತ್ತಿಲಲ್ಲಿದೆ. ಅದು ಡಬ್ಬದ ಕಡೆ ಕತ್ತು ಚಾಚಿದಾಗಲೆಲ್ಲ, ನನ್ನ ನೌಕರಿಯನ್ನೇ ಮೇಯಲು ಹೊರಟಂತೆ ಕಂಡು, ಎದ್ದುಬಿದ್ದು ಓಡುತ್ತೇನೆ.