ಮುಖಪುಟ ಮೇಯುವ ಹೋತರಾಯರಿಗೆ

ಠಾಣಾ ಕುಶನೂರಿನ ಬಿಸ್ಮಿಲ್ಲಾಬೀ ಅವರ ಹಿತ್ತಲನ್ನು ಅಲಂಕರಿಸಿರುವ, ಎರಡು ಕೊಂಬು ಹಾಗೂ ಒಂದು ಗಡ್ಡದ ಮಾನ್ಯರೇ,

ನಿವೃತ್ತ ಶಾಲಾ ಮಾಸ್ತರ ಗೋರಖನಾಥನು ತಮ್ಮ ಕೊಂಬಿಗೆ ಎಟುಕದಷ್ಟು ದೂರ ನಿಂತು ಸಲ್ಲಿಸುವ ಸವಿನಯ ನಮಸ್ಕಾರಗಳು.

ನಮ್ಮೂರ ವಾಚನಾಲಯಕ್ಕೆ ಬೀದರಿನ ಬಸ್ಸಿನಲ್ಲಿ ಬರುವುದು ಒಂದೇ ಪತ್ರಿಕೆ. ಅದನ್ನು ಹದಿನೆಂಟು ವರ್ಷ ನಾನು ಗಟ್ಟಿಯಾಗಿ ಓದಿದೆ, ದರ್ಜಿ ನಿಜಾಮೋದ್ದೀನರು ಕೇಳಿದರು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅವರ ಕಣ್ಣು ಮಂಜಾಗಿದೆ. ಕಳೆದ ಲೋಕಸಭಾ ಚುನಾವಣೆಯಲ್ಲಿ, ದಿಲ್ಲಿಯಲ್ಲಿ ಯಾರು ಕೂಡಬೇಕೆಂಬುದಕ್ಕೆ ಕುಶನೂರಿನಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. “ನಿಮಗೇನ್ ತಿಳೀತದ, ಹೋಗಿ ಗುಂಡಿ ಕಾಜಾ ಹೊಲೀರಿ” ಅಂದುಬಿಟ್ಟೆ. ಅವರು ಹೊಲಿಯುತ್ತಿದ್ದ ನನ್ನ ಅಂಗಿಯನ್ನು ಒಂದೇ ತೋಳಿನೊಂದಿಗೆ ಮನೆಗೆ ಕಳಿಸಿದರು.

ಮುಂದೆ ತಿಂಗಳುಗಟ್ಟಲೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತೆವು. ನಾನು ಮನಸ್ಸಿನಲ್ಲೇ ಓದುತ್ತಿದ್ದೆ. ನಾನು ಓದಿಟ್ಟ ಮೇಲೆ ಅವರು ಪತ್ರಿಕೆಯನ್ನು ಮೂಗಿಗೆ ಹಿಡಿದು ಓದಿದಂತೆ ಮಾಡುತ್ತಿದ್ದರು, ಕೆಲವೊಮ್ಮೆ ತಲೆಕೆಳಗಾಗಿ. ಕಂಡೂ ಸುಮ್ಮನಿದ್ದೆ. ಈ ಪತ್ರದಲ್ಲಿ ನಾಚಿಕೆಗೇಡಿನ ಸಂಗತಿ ಅದೊಂದೇ, ಅದು ತಮ್ಮದಲ್ಲ.

ಹೋದ ತಿಂಗಳು ತಾವು ಸದಸ್ಯತ್ವವಿಲ್ಲದೆ ಒಳನುಗ್ಗಿ, ಆಡಳಿತ ಪಕ್ಷ, ಪ್ರತಿಪಕ್ಷ ಎಂಬ ಭೇದವೆಣಿಸದೆ ಮುಖಪುಟವನ್ನು ಮೇಯತೊಡಗಿದಿರಿ. ನಾನು ಬಾಲ ಹಿಡಿದೆ, ನಿಜಾಮೋದ್ದೀನರು ಕೊಂಬು ಹಿಡಿದರು. ಅಷ್ಟರಲ್ಲಿ ಸಚಿವ ಸಂಪುಟ ತಮ್ಮ ಗಂಟಲಿಳಿದಿತ್ತು. ಏದುಸಿರು ಬಿಡುತ್ತ ಅವರು ಜಗಳದ ನಂತರ ಮೊದಲ ಸಲ ನನ್ನೊಡನೆ ಬಾಯಿ ತೆರೆದರು: “ಏನ್ ಉಳದದ, ಅದನ್ನೇ ಓದ್ರಿ ಮಾಸ್ತರ.”

ಉಳಿದದ್ದು ಭಾಲ್ಕಿಯಲ್ಲಿ ಕಳೆದುಹೋದ ಎಮ್ಮೆಯ ಜಾಹೀರಾತು. “ಎಡಗಿವಿ ಹರಿದಿದೆ, ಹೆಸರು ಹಿಡಿದು ಕರೆದರೆ ಬರುತ್ತದೆ” ಎಂದು ಓದಿದೆ. “ಹೆಸರೇ ಬರ್ದಿಲ್ಲಲ್ರಿ, ಹ್ಯಾಂಗ ಕರೀಬೇಕು?” ಎಂದು ಅವರು ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ “ಅವತ್ತ ನಾ ಅಂದದ್ದು ತಪ್ಪಾಯ್ತರಿ” ಅಂದೆ. ಅವರು “ಅಂಗಿ ತಗೊಂಡು ಬರ್ರಿ, ತೋಳು ಹಚ್ತೇನಿ” ಅಂದರು.

ಅಂದಿನಿಂದ ತಾವು ದಿನವೂ ಬರುತ್ತಿದ್ದೀರಿ, ನಾವು ಉಳಿದದ್ದನ್ನು ಓದುತ್ತಿದ್ದೇವೆ. ದೇಶದಲ್ಲಿ ಏನಾಗಿದೆಯೋ ತಿಳಿಯದು. ಬಸ್ಸು ಎಂದಿನಂತೆ ತಡವಾಗಿ ಬರುತ್ತಿರುವುದರಿಂದ ಸರಕಾರ ಬಿದ್ದಿರಲಿಕ್ಕಿಲ್ಲ.

ಆದ್ದರಿಂದ ನನ್ನ ದೂರು ಇಷ್ಟೇ: ತಾವು ಹುಟ್ಟಲು ಇಷ್ಟೇಕೆ ತಡಮಾಡಿದಿರಿ? ಇನ್ನಾದರೂ ಟಿವಿಯ ಚರ್ಚೆಗಳನ್ನು ವೈರ್ ಸಮೇತ, ಮೊಬೈಲಿನ ಫಾರ್ವರ್ಡುಗಳನ್ನು ಬೇರು ಸಮೇತ ಮೇಯಬೇಕು; ಎಕಂಬಾ, ಔರಾದಗಳಿಗೂ ಪ್ರವಾಸ ಕೈಗೊಳ್ಳಬೇಕು.

ಬರುವ ಸೋಮವಾರ ನಿಜಾಮೋದ್ದೀನರನ್ನು ಕಣ್ಣಿನ ಆಪರೇಶನ್ನಿಗೆ ಬೀದರಿಗೆ ಕರೆದೊಯ್ಯುತ್ತೇನೆ. ಕಣ್ಣು ಬಂದರೆ ಅವರೇ ಓದಿಕೊಂಡಾರೆಂಬ ಭಯ ನನಗಿತ್ತು. ಹೇಳಿಯೂ ಬಿಟ್ಟೆ. “ಕಣ್ಣು ಬಂದ್ರ ಕಿವಿ ಎಲ್ಲಿ ಹೋಗ್ತಾವರಿ?” ಅಂದರು.

ತಮ್ಮ ವಿಶ್ವಾಸಿ,
ಗೋರಖನಾಥ

ತಾ.ಕ.: ಔರಾದಿನಿಂದ ಬಂದ ಪಶುವೈದ್ಯರು ತಮ್ಮ ಹೊಟ್ಟೆ ಒತ್ತಿ ನೋಡಿ, “ಇಷ್ಟು ಗಾಳಿ ಯಾವ ಹೋತಿನ ಹೊಟ್ಟ್ಯಾಗೂ ನೋಡಿಲ್ರಿ” ಅಂದರಂತೆ. ಗಾಬರಿಯಾಗಬೇಡಿ. ನಾವು ಮತದಾರರು ಅದನ್ನೇ ಉಂಡು ಬದುಕಿದ್ದೇವೆ.